ಬಲಗಣ್ಣಿನ ನೆಲ

ಅಕ್ಟೋಬರ್ ೧೨, ೨೦೦೮, ಭಾನುವಾರ

ಇಂದಿನಿಂದ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಇನ್ನು ಕೆಲವೇ ದಿನಗಳಲ್ಲಿ ನನ್ನ ಬಾಯಿಗೆ ಬೀಗ ಬೀಳಲಿದೆ. ಒಳಗಿನ ಮಾತು ಎಲ್ಲಿಗಾದರೂ ಹೋಗಲೇಬೇಕಲ್ಲ!

ಮೂವತ್ತು ವರ್ಷ ನಮ್ಮೂರ ನಾಟಕ ಸಂಘದ ಅಟ್ಟದ ಮೇಲೆ, ಅಂದರೆ ಹಲಗೆ ಹಾಸಿದ ರಂಗದ ಮೇಲೆ, ಗರ್ಜಿಸಿದವನು ನಾನು. ಬೀಜಾಡಿಯ ಕಡಲ ದಂಡೆಯಲ್ಲಿ ನಿಂತು ನಾನು ‘ಯಾರಲ್ಲಿ!’ ಎಂದರೆ ಕೋಟೇಶ್ವರದ ಹೋಟೆಲಿನಲ್ಲಿ ಚಹಾ ಕುಡಿಯುವವರು, “ಪ್ರೇಮಾನಂದನ ಪ್ರವೇಶ ಆಯ್ತ್ ಕಾಣಿ” ಎನ್ನುತ್ತಿದ್ದರು. ಹಗಲಲ್ಲಿ ಬಲೆ, ಹಗ್ಗ, ಸೀಸದ ಗುಂಡು ಮಾರುವ ಅಂಗಡಿಯವ. ಸಂಜೆಯಾದರೆ ಮಹಾರಾಜ!

ಆ ಮಹಾರಾಜನ ಬಲಗಣ್ಣು ಎರಡು ವರ್ಷಗಳಿಂದ ಬೂಸಲು ಹಿಡಿದ ಕನ್ನಡಿ. ‘ಕಲ್ಲುಬಾಗಿಲ ದೊರೆ’ ನಾಟಕಕ್ಕೆ ಅರಮನೆಯ ಗೋಡೆ ಬೆಳ್ಳಗಾಗಬೇಕಿತ್ತು. ಪೇಟೆಯ ಬಣ್ಣಕ್ಕೆ ಆ ಹೊಳಪಿಲ್ಲ, ಹೊಳೆಯ ಚಿಪ್ಪು ಸುಟ್ಟ ನಮ್ಮ ಸುಣ್ಣವೇ ಆಗಬೇಕು ಎಂದೆ. ಏಣಿ ಹತ್ತಿದವನು ಸುಮ್ಮನೆ ಬಳಿಯಬಾರದೆ? ನನ್ನ ಪಾತ್ರವಾದ ಉಗ್ರಸಿಂಹ ಮಹಾರಾಜನ ಮಾತು ಹೇಳುತ್ತ, ಕಣ್ಣು ಅರಳಿಸಿ, ಮುಗಿಲು ನೋಡಿದೆ. ಕುಂಚದಿಂದ ಒಂದು ತೊಟ್ಟು ಬಿತ್ತು. ಅಷ್ಟೇ.

ಬ್ರಹ್ಮಾವರದ ಕಣ್ಣಾಸ್ಪತ್ರೆಯಲ್ಲಿ ಈಗೊಂದು ಹೊಸ ಉಪಾಯ ನಡೆಯುತ್ತಿದೆಯಂತೆ. ಕಣ್ಣಿನ ಕಪ್ಪು ಮತ್ತು ಬಿಳಿ ಸೇರುವ ಗಡಿಯಲ್ಲಿ ಬೀಜದಂಥ ಜೀವಕೋಶಗಳಿರುತ್ತವೆ, ನನ್ನ ಬಲಗಣ್ಣಿನವು ಸುಣ್ಣಕ್ಕೆ ಸುಟ್ಟುಹೋಗಿವೆ. ಎಡಗಣ್ಣಿನಿಂದ ಎಳ್ಳುಕಾಳಿನಷ್ಟು ತೆಗೆದು, ತಟ್ಟೆಯಲ್ಲಿ ಬೆಳೆಸಿ, ಬಲಗಣ್ಣಿಗೆ ಹಾಸುತ್ತಾರೆ. ಹಿಡಿದರೆ ಕಾಣುತ್ತದೆ. ಹಿಡಿಯದಿದ್ದರೆ ಈ ಕಣ್ಣಿನ ನಾಟಕಕ್ಕೆ ಮಂಗಳ. ಅದರ ಮೇಲೊಂದು ಕಟ್ಟಪ್ಪಣೆಯೂ ಇದೆ. ಹಾಸಿದ ಮೇಲೆ ಕೂಗುವಂತಿಲ್ಲ, ಬಗ್ಗುವಂತಿಲ್ಲ, ಜೋರಾಗಿ ಸೀನುವಂತೆಯೂ ಇಲ್ಲ.

“ಕೂಗುಕಿಲ್ಲ ಅಂದ್ರಾ?” ಎಂದು ಜಲಜ ಡಾಕ್ಟರರನ್ನು ಎರಡೆರಡು ಸಲ ಕೇಳಿದಳು. ಹೆಂಡತಿಯ ಮುಖದಲ್ಲಿ ಅಂಥ ಬೆಳಕನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಎಳ್ಳುಕಾಳು ತೆಗೆದಾಯಿತು. ನೋವಿಲ್ಲ. ಎಡಗಣ್ಣು ಸ್ವಲ್ಪ ಕೆಂಪು, ಖಳನಾಯಕನ ಹಾಗೆ. ನನಗೇನೂ ಬೇಸರವಿಲ್ಲ.

ಸಂಜೆ ಸಂಘದ ಅಧ್ಯಕ್ಷ ಚಂದಯ್ಯ ಬಂದ. ಜನವರಿಯಲ್ಲಿ ಮತ್ತೆ ‘ಕಲ್ಲುಬಾಗಿಲ ದೊರೆ’. ಅವನ ತಂದೆ ಬರೆದ ನಾಟಕ, ನನ್ನ ಪಾತ್ರ. ನಾನು ಬಾಯಿ ಬಿಡದೆ ತಾಲೀಮು ನಡೆಯುವುದು ಹೇಗೆ? ಗಂಡಸರೆಲ್ಲ ಬೋಟು ಹತ್ತಿಯಾಗಿದೆ, ಮೀನಿನ ಹಂಗಾಮು.

“ಹರಿಣಾಕ್ಷಿ ಇದ್ದಳಲ್ಲ,” ಎಂದಳು ಜಲಜ ಒಳಗಿಂದ.

ಹರಿಣಾಕ್ಷಿ ನಮ್ಮ ಹಿತ್ತಲಾಚೆಯವಳು, ಕೋಟೇಶ್ವರದಲ್ಲಿ ಮೀನು ಮಾರುತ್ತಾಳೆ. ಅವಳು “ಬಂಗ್ಡೆಯೋ” ಎಂದು ಕೂಗಿದರೆ ಹೆದ್ದಾರಿಯ ಲಾರಿಗಳು ಬ್ರೇಕು ಹಾಕುತ್ತವೆ. ಹೆಂಗಸು ಮಹಾರಾಜನೇ! ನಾನು ನಕ್ಕೆ. ಚಂದಯ್ಯ ನಗಲಿಲ್ಲ.

“ಗಂಟ್ಲ್ ಇತ್ತಲ್ಲ ಮರಾಯಾ. ಮೀಸೆ ನಾವ್ ಅಂಟ್ಸುವ.”

ಒಪ್ಪಿದೆ. ಆದರೆ ಒಂದು ಕರಾರು ಹಾಕಿದ್ದೇನೆ. ಅವಳು ತಾಲೀಮಿಗೆ ಮಾತ್ರ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆಯುತ್ತೇವಲ್ಲ, ಹಾಗೆ. ಹರಿಣಾಕ್ಷಿ ನನ್ನ ಟವೆಲ್. ಜನವರಿಯ ಹೊತ್ತಿಗೆ ಕಣ್ಣು ಹಿಡಿದಿರುತ್ತದೆ, ನಾನು ಬಂದು ಕುಳಿತುಕೊಳ್ಳುತ್ತೇನೆ!

ಅಕ್ಟೋಬರ್ ೧೭, ಶುಕ್ರವಾರ

ಇಂದು ನಾನು ಏನು ಕಂಡೆ! ಏನು ಕಂಡೆ!

ಪರೀಕ್ಷೆಗೆಂದು ಬ್ರಹ್ಮಾವರಕ್ಕೆ ಹೋಗಿದ್ದೆ. ನನ್ನ ಎಳ್ಳುಕಾಳನ್ನು ಸಾಕುತ್ತಿರುವವಳು ಸ್ವಾತಿ ಎಂಬ ಬೈಂದೂರಿನ ಹುಡುಗಿ. ಬಿಳಿ ಕೋಟು, ಬಾಯಿಗೆ ಬಟ್ಟೆ, ಕಣ್ಣಲ್ಲಿ ತುಂಟತನ. ನನ್ನ ಕಾಟ ತಡೆಯಲಾರದೆ ಒಳಗೆ ಬಿಟ್ಟಳು, ನನಗೂ ಬಾಯಿಗೊಂದು ಬಟ್ಟೆ ಕಟ್ಟಿ.

“ಮಾವ, ಇದ್ರಲ್ಲ್ ಕಾಂಬುಕೆ ಒಂದೇ ಕಣ್ಣ್ ಸಾಕ್. ನಿಮ್ಗೆ ಹೇಳಿ ಮಾಡ್ಸಿದ್ದ್,” ಎಂದು ಸೂಕ್ಷ್ಮದರ್ಶಕದ ಎದುರು ಕೂರಿಸಿದಳು.

ಮೊದಲು ಒಂದು ಬರಿಯ ಗಾಜಿನ ತಟ್ಟೆ ಇಟ್ಟಳು. ಬಿಡಿಸಿ ಹಾಕಿದ ಕೋಶಗಳು ಅದರಲ್ಲಿ ಸಾಬಕ್ಕಿಯಂತೆ ಉರುಟಾಗಿ ತೇಲುತ್ತಿದ್ದವು. ನೆಲ ಮುಟ್ಟುತ್ತವೆ, ಜಾರುತ್ತವೆ, ಮತ್ತೆ ಉರುಟು.

“ಬರೀ ಗಾಜ್ ಅಲ್ದಾ, ಹಿಡ್ಕಂಬುಕೆ ಅವ್ಕೆ ಎಂತದೂ ಸಿಕ್ಕುದಿಲ್ಲ. ಉಂಡಿ ಆಯ್ಕಂಡೇ ಸಾಯ್ತ್.”

ಇನ್ನೊಂದು ತಟ್ಟೆಯಲ್ಲಿ ಗಾಜಿನ ಮೇಲೆ ಒಂದು ಪೊರೆ ಹಾಸಿತ್ತು. ಗರ್ಭದಲ್ಲಿ ಮಗುವನ್ನು ಸುತ್ತಿಕೊಂಡಿರುವ ತೆಳು ಪೊರೆ. ಯಾವುದೋ ತಾಯಿ ಹೆರಿಗೆಯಾದ ಮೇಲೆ ದಾನ ಕೊಟ್ಟದ್ದು. ನಡುವೆ ನನ್ನ ಎಳ್ಳುಕಾಳು. ಅದರ ಅಂಚಿನಿಂದ ಕೋಶಗಳು ಇಳಿದು ಬರುತ್ತಿದ್ದವು! ಉರುಟಾಗಿದ್ದದ್ದು ಮೊದಲು ಒಂದು ಕಡೆ ತೆಳ್ಳಗಿನ ಅಂಚು ಹೊರಚಾಚುತ್ತದೆ, ಕತ್ತಲೆಯಲ್ಲಿ ಕಾಲಿಟ್ಟು ಮೆಟ್ಟಿಲು ತಡವಿದ ಹಾಗೆ. ನೆಲ ಗಟ್ಟಿ ಎಂದು ತಿಳಿದ ಮೇಲೆ ಮೈಯೆಲ್ಲ ಸಡಿಲಿಸಿ ಚಪ್ಪಟೆಯಾಗುತ್ತದೆ. ನಡುವೆ ಉಬ್ಬು, ಸುತ್ತ ಅಗಲ ಅಂಚು. ಕಾವಲಿಯ ಮೇಲೆ ಒಡೆದು ಹಾಕಿದ ಮೊಟ್ಟೆ!

“ಇವ್ಕೆ ಊಟ ಎಂತ?” ಎಂದೆ.

“ನಿಮ್ಮದೇ ರಕ್ತದ ತಿಳಿ ಕೊಡ್ತೆ. ಬೇರೆಯವ್ರ್ ಮನೆ ಊಟ ಮಾಡುದಿಲ್ಲ ಇವು.”

ಯಾರೂ ಹೇಳಿಕೊಟ್ಟಿಲ್ಲ, ಪರದೆಯ ಹಿಂದೆ ನಿಂತು ಮಾತು ಉಸುರುವವರಿಲ್ಲ. ಸಭಾಕಂಪವೂ ಇಲ್ಲ. ನನ್ನ ಮೊದಲ ನಾಟಕದಲ್ಲಿ ನಾನು ಎರಡು ಕೈ ಎದೆಗೆ ಒತ್ತಿಕೊಂಡು, ಉರುಟುರುಟಾಗಿ, ಒಂದೇ ಹಲಗೆಯ ಮೇಲೆ ನಿಂತುಬಿಟ್ಟಿದ್ದೆ. ಇವಕ್ಕೆ ನನಗಿಂತ ರಂಗದ ಧೈರ್ಯ ಜಾಸ್ತಿ.

ಹೊರಡುವಾಗ ತಟ್ಟೆಗೆ ಕೈ ಮುಗಿದೆ. ಸ್ವಾತಿ ಬಿದ್ದು ಬಿದ್ದು ನಕ್ಕಳು.

ಅಕ್ಟೋಬರ್ ೨೪, ಶುಕ್ರವಾರ

ತಟ್ಟೆ ತುಂಬುತ್ತಿದೆ. ಜಾಗ ಇರುವಾಗ ಕೈಕಾಲು ಚಾಚಿ ಅಡ್ಡಾದಿಡ್ಡಿ ಮಲಗಿದ್ದವು ಈಗ ಒಂದಕ್ಕೊಂದು ಒತ್ತಿ ಆರು ಮೂಲೆಯ ಬಿಲ್ಲೆಗಳಾಗಿವೆ. ಅಂಗಳಕ್ಕೆ ಕಲ್ಲು ಹಾಸಿದ ಹಾಗೆ. ಯಾವುದೂ ಇನ್ನೊಂದರ ಮೇಲೆ ಹತ್ತಿಲ್ಲ. ನಮ್ಮ ಸಂಘದವರನ್ನು ಕರೆತಂದು ತೋರಿಸಬೇಕು!

ಸೋಮವಾರ ಹಾಸುತ್ತಾರೆ. ಅಂಗಡಿಯ ಕೀಲಿ ಜಲಜಳ ಕೈಗೆ ಕೊಟ್ಟೆ. ಕೊನೆಯ ಸಲ ದಂಡೆಗೆ ಹೋಗಿ, ಉಗ್ರಸಿಂಹನ ಮೂರನೇ ದೃಶ್ಯ ಪೂರ್ತಿ ಗರ್ಜಿಸಿ ಬಂದೆ. ಎರಡು ನಾಯಿಗಳು ಓಡಿದವು. ತೃಪ್ತಿಯಾಯಿತು.

ಅಕ್ಟೋಬರ್ ೨೭, ಸೋಮವಾರ

ಹಾಸಿದರು. ಕಣ್ಣಿಗೆ ಕಟ್ಟು. ಜಲಜ ಹೆಚ್ಚು ಬರೆಯಲು ಬಿಡುವುದಿಲ್ಲ.

ಅಕ್ಟೋಬರ್ ೨೯, ಬುಧವಾರ

ಹಬ್ಬ. ಪಟಾಕಿಯ ಸದ್ದು. ನಾನೊಬ್ಬನೇ ಸದ್ದಿಲ್ಲದವನು. ಕಟ್ಟಿನ ಒಳಗೆ ಅವು ಏನು ಮಾಡುತ್ತಿವೆಯೋ ಎಂದು ಯೋಚಿಸುತ್ತ ಅಂಗಾತ ಮಲಗಿದ್ದೇನೆ. ಪಕ್ಕದ ಮನೆಗೆ ಹೊಸ ಬಾಡಿಗೆಯವರು ಬಂದಾಗ ಗೋಡೆಗೆ ಕಿವಿಗೊಟ್ಟ ಹಾಗೆ.

ಯಾವುದೋ ಮಗುವಿನ ಹೊದಿಕೆ ನನ್ನ ಕಣ್ಣಲ್ಲಿದೆ. ಆ ಮಗು ಈಗ ನಡೆಯುತ್ತಿರಬಹುದು. ಜಲಜ ಬಾಗಿಲ ಬಳಿ ಒಂದು ಹಣತೆ ಹೆಚ್ಚು ಇಟ್ಟಳು. ಯಾರಿಗೆ ಎಂದೆ. “ಆ ಬಾಣಂತಿಗೆ” ಎಂದಳು.

ನವೆಂಬರ್ ೬, ಗುರುವಾರ

ಹರಿಣಾಕ್ಷಿಗೆ ಪಾಠ ಶುರು. ಸಂತೆ ಮುಗಿಸಿ, ಕೈ ತೊಳೆದು, ಜಗಲಿಯಲ್ಲಿ ಕೂರುತ್ತಾಳೆ. ನಾನು ಪಿಸುಮಾತಿನಲ್ಲಿ ಹೇಳಬೇಕು, ಅವಳು ತಿರುಗಿಸಿ ಹೇಳಬೇಕು.

“ಈ ನೆಲ ನನ್ನ ಹೆಜ್ಜೆಯ ಸದ್ದಿಗೆ ನಡುಗಿದೆ!” ಎಂದು ಪಿಸುಗುಟ್ಟಿದೆ.

“ಪ್ರೇಮಣ್ಣ, ಹೀಂಗ್ ಹೇಳಿರೆ ನೆಲ ನಡುಗುದಲ್ಲ, ನಿದ್ದಿ ಮಾಡ್ತ್,” ಎಂದಳು. ಆಮೇಲೆ ಎದ್ದು ನಿಂತು ಹೇಳಿದಳು ನೋಡಿ! ಹಂಚಿನ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಜಲಜ ಒಲೆಯ ಮುಂದಿನಿಂದ, “ಅಯ್ಯಬ್ಬ, ಒಂದ್ ಹೋಯ್ತಂದ್ರೆ ಇನ್ನೊಂದ್ ಬಂತಲೆ!” ಎಂದಳು.

ಸ್ವರ ಇದೆ. ನಿಲುವಿಲ್ಲ. ಮೀನಿನ ಬುಟ್ಟಿ ಹೊತ್ತವಳಂತೆ ಕುತ್ತಿಗೆ ನೇರ ಇಟ್ಟು ನಡೆಯುತ್ತಾಳೆ. ಆದರೆ, ಯೋಚಿಸಿದರೆ, ಕಿರೀಟ ಹೊತ್ತವನೂ ಹಾಗೆಯೇ ಅಲ್ಲವೆ ನಡೆಯಬೇಕಾದ್ದು? ಮೂವತ್ತು ವರ್ಷ ನನ್ನ ಕಿರೀಟ ಜಾರುತ್ತಲೇ ಇತ್ತು.

ಏನೇ ಆಗಲಿ, ಟವೆಲ್ ಒಳ್ಳೆಯದು ಸಿಕ್ಕಿದೆ.

ನವೆಂಬರ್ ೧೫, ಶನಿವಾರ

ಇಂದು ಮೊದಲ ತಾಲೀಮು. ಕಣ್ಣಿಗೆ ಪ್ಲಾಸ್ಟಿಕ್ಕಿನ ಗುರಾಣಿ ಹಾಕಿಕೊಂಡು, ಬೆಂಚಿನ ಮೇಲೆ ಮೂಕನಂತೆ ಕುಳಿತೆ.

ಕೊನೆಯ ದೃಶ್ಯದಲ್ಲಿ ಒಂದು ಪ್ರಮಾದ ನಡೆಯಿತು. ಬಾಣ ತಗುಲಿ ಬಿದ್ದ ಮಹಾರಾಜ ಸಾಯುವ ಮುನ್ನ, “ದೀಪ ಹತ್ತಿರ ತನ್ನಿ. ನನ್ನ ಊರು ಕಾಣುತ್ತಿಲ್ಲ,” ಎನ್ನಬೇಕು. ನಾನು ಅದನ್ನು ಸಿಡಿಲಿನಂತೆ ಹೇಳುತ್ತಿದ್ದೆ, ಕಡಲಿಗೂ ಕೇಳಬೇಕಲ್ಲ! ಹರಿಣಾಕ್ಷಿಯೋ, ನಾನು ಜಗಲಿಯಲ್ಲಿ ಹೇಗೆ ಉಸುರಿದ್ದೆನೋ ಹಾಗೆಯೇ ಉಸುರಿಬಿಟ್ಟಳು. ಉಳಿದದ್ದನ್ನೆಲ್ಲ ದೊಡ್ಡದಾಗಿ ಹೇಳಿದವಳು ಇದೊಂದನ್ನು ಮಾತ್ರ ಹೀಗೇ ಹೇಳಬೇಕೆಂದು ತಿಳಿದಿದ್ದಳಂತೆ.

ಚಂದಯ್ಯ ಕನ್ನಡಕ ತೆಗೆದು ಒರೆಸಿದ.

“ಇದ್ ನೀ ಹೇಳ್ಕೊಟ್ಟದ್ದಾ?”

ಹೌದೆಂದು ತಲೆಯಾಡಿಸಿದೆ. ಸುಳ್ಳೇನಲ್ಲವಲ್ಲ.

ನವೆಂಬರ್ ೨೨, ಶನಿವಾರ

ಕೆಟ್ಟೆ.

ಹಗಲು ಗುರಾಣಿ ತೆಗೆಯಬಹುದೆಂದು ಡಾಕ್ಟರು ಹೇಳಿ ಎರಡು ದಿನವಾಗಿತ್ತು. ಸಂಘದ ಅಟ್ಟ ಕಟ್ಟಿದ್ದಾರೆ, ಹೋಗಿ ನಿಂತೆ. ಎದುರಿಗೆ ರಂಗ. ಕೈ ತಾನಾಗಿ ಹಲಗೆ ಮುಟ್ಟಿತು, ತಾನಾಗಿ ಎರಡು ಕಣ್ಣಿಗೂ ಒತ್ತಿಕೊಂಡಿತು. ಪ್ರತಿ ಪ್ರವೇಶಕ್ಕೂ ಮಾಡಿದ ನಮಸ್ಕಾರ, ನನ್ನನ್ನು ಕೇಳಿ ಮಾಡುವಂಥದ್ದಲ್ಲ. ಹಲಗೆಯ ಮೇಲೆ ಮರಳಿತ್ತು.

ಬಲಗಣ್ಣಿಗೆ ಕೆಂಡ ಸುರಿದಂತಾಯಿತು. ಕೂಗಲೂ ಹೆದರಿಕೆ.

ಜಲಜ ರಿಕ್ಷಾ ಕರೆಸಿದಳು. ಕುಂಭಾಶಿಯಲ್ಲಿ ಆನೆಗುಡ್ಡೆಯ ದೇವಸ್ಥಾನದ ಕಡೆ ತಿರುಗಿ ನಾನು ಕೈ ಮುಗಿದೆ. ಮುಗಿದ ಕೈ ಮತ್ತೆ ಕಣ್ಣಿನ ಕಡೆ ಹೊರಟಿತು! ಜಲಜ ಗಪ್ಪನೆ ಹಿಡಿದಳು.

“ನಿಮ್ಮ್ ಭಕ್ತಿಗೆ ಬೆಂಕಿ ಬೀಳ. ಕೈ ಇತ್ಲಾಗೆ ಕೊಡಿ.”

ಬ್ರಹ್ಮಾವರ ಬರುವವರೆಗೂ ಎರಡು ಕೈಯನ್ನೂ ತನ್ನ ಮಡಿಲಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.

ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು. ಹಾಸಿದ್ದರಲ್ಲಿ ಒಂದು ತುಂಡು ಕಿತ್ತುಹೋಗಿದೆ. ಇಲಿ ಕಡಿದ ರೊಟ್ಟಿಯಂತೆ ಅಂಚು. ತೆಳುವಾದೊಂದು ಮಸೂರವನ್ನು ಕಣ್ಣಿನ ಮೇಲೆ ಹೊದಿಸಿದರು. ಉಳಿದದ್ದು ಗಟ್ಟಿ ಹಿಡಿದಿದ್ದರೆ ಸರಿ, ಇಲ್ಲದಿದ್ದರೆ ಪೂರ್ತಿ ಎದ್ದು ಬರಬಹುದು, ಮಂಗಳವಾರ ನೋಡೋಣ ಎಂದರು.

ಬರೆಯಲು ಇನ್ನೇನೂ ಇಲ್ಲ.

ನವೆಂಬರ್ ೨೫, ಮಂಗಳವಾರ

ಬೆಳಿಗ್ಗೆ ಬಸ್ಸಿನಲ್ಲಿ ಇಬ್ಬರೂ ಬ್ರಹ್ಮಾವರಕ್ಕೆ ಹೋದೆವು. ಡಾಕ್ಟರು ಮತ್ತೆ ಹಳದಿ ಬಣ್ಣ ಹಾಕಿದರು, ನೀಲಿ ಬೆಳಕು ಬಿಟ್ಟರು. ನೋಡಿದರು. ಇನ್ನೊಮ್ಮೆ ನೋಡಿದರು. ಸ್ವಾತಿಯನ್ನು ಕರೆದರು.

“ಮಾವ,” ಎಂದಳು ಅವಳು, “ಮುಚ್ಕಂಡಿತ್ತ್.”

“ಎಂತ ಮುಚ್ಕಂಡಿತ್ತ್?”

“ನೀವ್ ಮಾಡಿದ ಹೊಂಡ!”

ಆಮೇಲೆ ನನ್ನನ್ನು ಒಳಗೆ ಕರೆದೊಯ್ದಳು. ನನ್ನ ಕೋಶಗಳ ಇನ್ನೊಂದು ತಟ್ಟೆಯನ್ನು ಅವಳು ಸಾಕಿಕೊಂಡೇ ಇದ್ದಳು. ಅಂಗಳದಂಥ ಆ ಹಾಸಿನ ನಡುವೆ ನಿನ್ನೆ ಬೆಳಿಗ್ಗೆ ಅವಳು ಸೂಜಿಮೊನೆಯಿಂದ ಒಂದು ಗೀರು ಎಳೆದಿದ್ದಳಂತೆ, ನನಗೆ ತೋರಿಸುವುದಕ್ಕಾಗಿಯೇ.

ನೋಡಿದೆ. ಹೊಳೆಯ ಎರಡು ದಡದ ಹಾಗೆ ಗೀರಿನ ಎರಡು ಬದಿ. ದಡದಲ್ಲಿದ್ದವು ಬಿಲ್ಲೆಯ ರೂಪ ಬಿಟ್ಟಿವೆ. ಖಾಲಿ ಜಾಗದ ಕಡೆಗೆ ಅಂಚು ಚಾಚಿ, ಉದ್ದವಾಗಿ, ತೆಳ್ಳಗಾಗಿ, ಮುಂದೆ ಬಾಗಿವೆ. ಅವುಗಳ ಬೆನ್ನಿಗೆ ಹಿಂದಿನ ಸಾಲು. ನಡುವೆ ಒಂದು ಕಡೆ ಈಚೆ ದಡದ್ದೂ ಆಚೆ ದಡದ್ದೂ ಆಗಲೇ ಮುಟ್ಟಿಕೊಂಡಿದ್ದವು. ಅಲ್ಲಿ ಮತ್ತೆ ಬಿಲ್ಲೆಯಾಗತೊಡಗಿದ್ದವು.

“ಯಾರ್ ಹೇಳಿರ್ ಇವ್ಕೆ?” ಎಂದೆ.

“ಯಾರೂ ಹೇಳುದಿಲ್ಲ. ಪಕ್ಕದ್ದ್ ಇಲ್ಲ ಅಂದ್ ಗೊತ್ತಾದ್ರೆ ಆಯ್ತ್, ಹೊರಡ್ತ್.”

ಬಹಳ ಹೊತ್ತು ನೋಡಿದೆ. ಏನೂ ಚಲಿಸಿದ್ದು ಕಾಣಲಿಲ್ಲ. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ. ಸ್ವಾತಿ ಆಮೇಲೆ ಜಲಜಳಿಗೆ, “ಮಾವ ಇಷ್ಟೊತ್ತ್ ಮಾತಾಡ್ದೆ ಕೂಕಂಡದ್ದ್ ನಾ ಕಂಡದ್ದೇ ಇಲ್ಲ” ಎಂದಳಂತೆ.

ಬರುವಾಗ ಸಾಲಿಗ್ರಾಮದಲ್ಲಿ ಇಳಿದು ಇಬ್ಬರೂ ಗೋಳಿಬಜೆ ತಿಂದೆವು.

ಡಿಸೆಂಬರ್ ೯, ಮಂಗಳವಾರ

ಹರಿಣಾಕ್ಷಿ ಪ್ರವೇಶಿಸುವಾಗ ಅಟ್ಟಕ್ಕೆ ನಮಸ್ಕಾರ ಮಾಡುವುದಿಲ್ಲ. ಕರೆದು ಕೇಳಿದೆ.

“ಮುಟ್ಟಿ ಕಣ್ಣಿಗೆ ಒತ್ತುದ್ ಅಲ್ದಾ? ನಂಗ್ ಹೆದ್ರಿಕೆ ಆತ್ತ್ ಪ್ರೇಮಣ್ಣ. ನಿಮ್ಮ್ ಕಣ್ಣ್ ಕಂಡ್ ಬಂದವ್ಳಲ್ದಾ ನಾನು.”

“ಅದು ರಂಗದ ನಿಯಮ! ಚಂದಯ್ಯನ ಅಜ್ಜನ ಕಾಲದಿಂದ ಬಂದದ್ದು. ನಮಸ್ಕಾರ ಇಲ್ಲದೆ ಅಟ್ಟ ಹತ್ತುವಂತಿಲ್ಲ,” ಎಂದೆ, ಮೆಲ್ಲಗೆ, ಆದರೆ ಗಟ್ಟಿಯಾಗಿ.

“ಕಾಂಬ, ಕಾಂಬ,” ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಹೆಂಗಸಿಗೆ ಮೊಂಡು ಜಾಸ್ತಿ. ಮಹಾರಾಜನಿಗೆ ಅದು ಬೇಕಾದ್ದೇ.

ಡಿಸೆಂಬರ್ ೧೮, ಗುರುವಾರ

ಬಲಗಣ್ಣಿನ ಬೂಸಲು ತಿಳಿಯಾಗುತ್ತಿದೆ. ಗೋಡೆಯ ಮೇಲಿನ ದೊಡ್ಡ ಅಕ್ಷರಗಳಲ್ಲಿ ಎರಡು ಸಾಲು ಓದಿದೆ. ಪೂರ್ತಿ ಎಂದೂ ಬಾರದು, ಒಳಗೂ ಸ್ವಲ್ಪ ಕಲೆ ಇದೆಯಂತೆ. ಇಷ್ಟು ಸಾಕು! ಹಾಸಿದ್ದು ಬೇರು ಬಿಟ್ಟಿದೆ.

“ಇನ್ನು ಕೂಗಬಹುದು” ಎಂದರು ಡಾಕ್ಟರು. ಜಲಜ ಆಕಾಶ ನೋಡಿದಳು.

ಸಂಜೆ ತಾಲೀಮಿಗೆ ಹೋದೆ. ಮೂರನೇ ದೃಶ್ಯದಲ್ಲಿ ಹರಿಣಾಕ್ಷಿಗೆ ಉಸಿರು ಸಾಲುತ್ತಿಲ್ಲ. ‘ಸದ್ದಿಗೆ’ ಆದ ಮೇಲೆ ಒಂದು ಕ್ಷಣ ನಿಲ್ಲಬೇಕು, ಎಡಗಾಲು ಮುಂದಿಡಬೇಕು, ಆಗ ಉಸಿರು ತಾನಾಗಿ ತುಂಬುತ್ತದೆ. ಅದನ್ನೇ ನಾಲ್ಕೈದು ಸಲ ಮಾಡಿಸಿದೆ. ಮೀಸೆ ಬೇಡ, ಬರೀ ಹುಬ್ಬು ದಪ್ಪ ಮಾಡಿದರೆ ಸಾಕು ಎಂದೂ ಹೇಳಿದೆ. ಕಿರೀಟಕ್ಕೆ ಒಳಗೆ, ಬುಟ್ಟಿ ಹೊರುವಾಗ ಇಡುವಂಥ ಬಟ್ಟೆಯ ಸಿಂಬಿ ಕಟ್ಟಿಸಬೇಕು, ಅವಳಿಗೆ ಅದೇ ರೂಢಿ.

ಚಂದಯ್ಯ ಹೊರಗೆ ಬಂದು ಬೀಡಿ ಹಚ್ಚಿದ. “ಡಾಕ್ಟ್ರ್ ಕೂಗುಕಾತ್ತ್ ಅಂದ್ರಂಬ್ರ್. ಟವೆಲ್ ತೆಗಿಲ್ಯಾ ಹಾಂಗಾರೆ?”

“ಯಾವ ಟವೆಲ್?” ಎಂದೆ.

ಅವನು ನನ್ನ ಮುಖ ನೋಡಿ ಬೀಡಿಯ ಬೂದಿ ಕೊಡವಿದ. ವಯಸ್ಸಾಯಿತು, ಏನೇನೋ ಮಾತಾಡುತ್ತಾನೆ.

ಜನವರಿ ೩, ೨೦೦೯, ಶನಿವಾರ

ನಾಟಕ ಮುಗಿಸಿ ಬಂದೆವು. ಜಲಜ ಮಲಗಿದಳು. ಎರಡು ಸಾಲು ಬರೆದು ನಾನೂ ಮಲಗುತ್ತೇನೆ.

ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ನಾಟಕವನ್ನು ಎದುರಿನಿಂದ ಕಂಡೆ. ಮುಂದಿನ ಸಾಲು, ಮರದ ಕುರ್ಚಿ, ಕೈಯಲ್ಲಿ ಕಡಲೆಯ ಪೊಟ್ಟಣ. ಎದುರಿನಿಂದ ಅದು ಇಷ್ಟು ಚೆಂದ ಎಂದು ಯಾರೂ ನನಗೆ ಹೇಳಿರಲಿಲ್ಲ. ಗೋಡೆಗೆ ಈ ಸಲ ಪೇಟೆಯ ಬಣ್ಣ. ಅದೂ ಹೊಳೆಯುತ್ತದೆ.

ಪರದೆ ಎದ್ದಿತು. ‘ಮಹಾರಾಜಾಧಿರಾಜ’ ಎಂದು ಒಳಗಿನಿಂದ ಕೂಗಿದರು. ಹರಿಣಾಕ್ಷಿ ಬಂದಳು, ಕತ್ತು ನೇರ, ಕಿರೀಟ ಒಂದಿಷ್ಟೂ ಅಲುಗಲಿಲ್ಲ. ಅಟ್ಟದ ಅಂಚಿಗೆ ಬಂದು ನಿಂತಳು. ಬಗ್ಗಿದಳು. ಹಲಗೆ ಮುಟ್ಟಿದಳು.

ನಾನು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೆ. ಬಲಗಣ್ಣಿಗೆ ದೀಪಗಳು ಸ್ವಲ್ಪ ಹರಡಿ ಕಂಡವು, ಜರಿಯ ಅಂಗಿ ಕಂಡಿತು, ಬಳೆ ತೆಗೆದಿಟ್ಟ ಮುಂಗೈ ಕಂಡಿತು. ಹಲಗೆ ಬಿಟ್ಟ ಆ ಕೈ ಮೇಲೆ ಬಂತು. ಕಣ್ಣಿನವರೆಗೆ ಹೋಗಲಿಲ್ಲ. ಎದೆಯ ಮೇಲೆ ನಿಂತಿತು. ಅಲ್ಲಿಂದಲೇ ಅವಳು ನನ್ನ ಕುರ್ಚಿಯ ಕಡೆ ಒಮ್ಮೆ ನೋಡಿದಳು.

ಪಕ್ಕದಿಂದ ಜಲಜ ತಿವಿದಳು. “ಹ್ವಾಯ್, ಕಣ್ಣ್ ಎಂತಕ್ಕೆ ಮುಚ್ಕಂಡ್ರಿ?”

“ಕಾಂಬುಕೆ,” ಎಂದೆ, ಮೆಲ್ಲಗೆ.